ಲ್ಯಾಪ್‌ಟಾಪಿನೊಳಗೆ ಸಿಮ್ ಹಾಕಬೇಕೆ, ಫೋನಿನ ಡೇಟಾ ಸಾಕೆ?

ನಾನು ಎರಡನ್ನೂ ಬಳಸುತ್ತೇನೆ. ಬರೀ ವೇಗಕ್ಕಾಗಿ ಲ್ಯಾಪ್‌ಟಾಪಿಗೆ ಮೋಡೆಮ್ (ಸಿಮ್ಮಿನಿಂದ ನೆಟ್ ಪಡೆಯುವ ಕಾರ್ಡ್) ಹಾಕಿಕೊಳ್ಳುವುದಾದರೆ ಬೇಡ. ಈಚಿನ ಫೋನುಗಳ ಮೋಡೆಮ್ ಯಾವುದಕ್ಕೂ ಕಡಿಮೆಯಿಲ್ಲ. ಒಳಗಿನ ಮೋಡೆಮ್‌ನ ಲಾಭವೇ ಬೇರೆ. ಮುಚ್ಚಳ ತೆರೆದು ಸ್ವಲ್ಪ ಹೊತ್ತಿಗೆಲ್ಲ ನೆಟ್ ಬಂದಿರುತ್ತದೆ, ಫೋನಿನ ಬ್ಯಾಟರಿಯ ಚಿಂತೆಯೂ ಇಲ್ಲ.

ಕಾರ್ಡ್ ಕೊಳ್ಳುವ ಮುಂಚೆ ಲ್ಯಾಪ್‌ಟಾಪಿನ ಅಡಿಭಾಗ ಬಿಚ್ಚಿ ನೋಡಿ. ಎಂ.2 ಸ್ಲಾಟ್, ಅಂದರೆ ಇಂಥ ಕಾರ್ಡ್ ಕೂರಿಸುವ ಜಾಗ, ಖಾಲಿ ಇದ್ದರಷ್ಟೇ ಸಾಲದು, ಅದು ಮೋಡೆಮ್ ಕಾರ್ಡಿನ ಕಚ್ಚಿಗೆ ಹೊಂದುವ 'ಬಿ' ಕೀ ಆಕಾರದ್ದಾಗಿರಬೇಕು. 4ಜಿ ಕಾರ್ಡು ಸಾಮಾನ್ಯವಾಗಿ 3042 ಅಳತೆಯದು, ಅಂದರೆ 30 ಮಿ.ಮೀ. ಅಗಲ, 42 ಮಿ.ಮೀ. ಉದ್ದ; 5ಜಿಯದು ಹೆಚ್ಚಾಗಿ 3052. ಸ್ಲಾಟಿನ ಪಕ್ಕದಲ್ಲಿ ಆಂಟೆನಾ ವೈರುಗಳಿವೆಯೇ ನೋಡಿ: ಸಾಮಾನ್ಯವಾಗಿ 4ಜಿಗೆ ಎರಡು, 5ಜಿಗೆ ನಾಲ್ಕು. ವೈರ್ ಇಲ್ಲದಿದ್ದರೆ ಪರದೆಯ ಚೌಕಟ್ಟನ್ನೇ ಬಿಚ್ಚಬೇಕಾಗುತ್ತದೆ. ಆ ರಗಳೆಗೆ ಕೈಹಾಕುವುದು ಬೇಡ. ವೈರಿನ ತುದಿಯ ಕನೆಕ್ಟರ್ ತೀರ ಚಿಕ್ಕದು. ಸರಿಯಾಗಿ ಮೇಲೆ ಕೂರಿಸಿ, ನೇರ ಕೆಳಕ್ಕೆ 'ಟಿಕ್' ಎನ್ನುವವರೆಗೆ ಒತ್ತಿ. ಓರೆಯಾಗಿ ಒತ್ತಿದರೆ ಹಾಳಾಗುತ್ತದೆ, ಪದೇಪದೇ ತೆಗೆದು ಹಾಕಿದರೂ ಸಡಿಲವಾಗುತ್ತದೆ. ಕೆಲವು ಲ್ಯಾಪ್‌ಟಾಪುಗಳ ಬಯಾಸ್ (ಯಂತ್ರವನ್ನು ಶುರು ಮಾಡುವ ಮೂಲ ತಂತ್ರಾಂಶ) ತನ್ನ ಪಟ್ಟಿಯಲ್ಲಿರುವ ಕಾರ್ಡನ್ನು ಮಾತ್ರ ಒಪ್ಪುತ್ತದೆ, ಆದ್ದರಿಂದ ನಿಮ್ಮ ಮಾಡೆಲ್‌ಗೆ ಕಂಪನಿಯೇ ಹೇಳಿರುವ ಪಾರ್ಟ್ ನಂಬರ್ ನೋಡಿಯೇ ತರಿಸಿ.

ಸಿಗ್ನಲ್ ತುಂಬಿದ್ದರೂ ಪೇಜ್ ತೆರೆಯದಿದ್ದರೆ ಮೊದಲು ಸೆಟ್ಟಿಂಗ್ಸಿನಲ್ಲಿ ಎಪಿಎನ್ ಹೆಸರು, ಅಂದರೆ ಸಿಮ್ ಕಂಪನಿಯ ಡೇಟಾ ಜಾಲಕ್ಕೆ ಸೇರಿಸುವ ಹೆಸರು, ಸರಿಯಿದೆಯೇ ನೋಡಿ. ಲಿನಕ್ಸಿನಲ್ಲಿ ಇನ್ನೊಂದು ತೊಡಕುಂಟು: ಮೋಡೆಮ್ ಕಾಣಿಸುತ್ತದೆ, ಆದರೆ ರೇಡಿಯೋ ಆನ್ ಆಗುವುದಿಲ್ಲ. ಅದು ಎಫ್‌ಸಿಸಿ ಲಾಕ್, ಅಮೆರಿಕದ ರೇಡಿಯೋ ನಿಯಮಗಳಿಗಾಗಿ ತಯಾರಕರು ಹಾಕಿರುವ ಬೀಗ. ಲಿನಕ್ಸಿನಲ್ಲಿ ಮೋಡೆಮ್ ನಡೆಸುವ ತಂತ್ರಾಂಶ ಮೋಡೆಮ್ ಮ್ಯಾನೇಜರ್ 1.18.4ರಿಂದ ಈಚೆಗೆ ಅದನ್ನು ತಾನಾಗಿ ತೆರೆಯುವುದಿಲ್ಲ. ಜೊತೆಗೆ ಬರುವ ಅನ್‌ಲಾಕ್ ಸ್ಕ್ರಿಪ್ಟನ್ನು ನಾವೇ ಸಕ್ರಿಯ ಮಾಡಬೇಕು.

ಫೋನಿನಿಂದಲೇ ನೆಟ್ ತೆಗೆದುಕೊಳ್ಳುವುದಾದರೆ ಹಾಟ್‌ಸ್ಪಾಟ್ ಬಿಟ್ಟು ಯುಎಸ್‌ಬಿ ಕೇಬಲ್ ಬಳಸಿ. ನಡುವೆ ವೈಫೈ ಇರುವುದಿಲ್ಲ, ಫೋನೂ ಚಾರ್ಜ್ ಆಗುತ್ತಿರುತ್ತದೆ, ಲ್ಯಾಪ್‌ಟಾಪ್ ಮಲಗಿದೊಡನೆ ಹಾಟ್‌ಸ್ಪಾಟ್ ತಾನಾಗಿ ಆಫ್ ಆಗುವ ಕಾಟವೂ ತಪ್ಪುತ್ತದೆ. ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ನೆಟ್ ಹಂಚುವ) ಬಟನ್ ಮಂಕಾಗಿದ್ದರೆ ಕೇಬಲ್ ಬದಲಿಸಿ ನೋಡಿ. ಬರೀ ಚಾರ್ಜಿಂಗ್ ಕೇಬಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ವೈಫೈಯೇ ಬೇಕೆಂದರೆ 5 ಗಿಗಾಹರ್ಟ್ಸ್ ಇಡಿ. ಐಫೋನಿನಲ್ಲಿ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಆನ್ ಇದ್ದರೆ ಅದು 2.4ಕ್ಕೆ ಇಳಿದುಬಿಡುತ್ತದೆ.

ಗೋಡೆ ದಪ್ಪವಿರುವ ಕಟ್ಟಡದಲ್ಲಿ ಫೋನೇ ಗೆಲ್ಲುತ್ತದೆ: ಎರಡು ಮೀಟರ್ ಕೇಬಲ್ ಹಾಕಿ ಅದನ್ನು ಕಿಟಕಿಯ ಬಳಿ ಇಡಬಹುದು. ಲ್ಯಾಪ್‌ಟಾಪಿನ ಆಂಟೆನಾ ನೀವು ಕೂತಲ್ಲೇ ಕೂರಬೇಕು. ಸಿಗ್ನಲ್ ಕಡ್ಡಿಗಳನ್ನು ನಂಬದೆ ಆರ್‌ಎಸ್‌ಆರ್‌ಪಿ ನೋಡಿ, ಅದು ಟವರಿನಿಂದ ಬರುವ ಸಿಗ್ನಲ್ಲಿನ ಬಲವನ್ನು ಡಿಬಿಎಂನಲ್ಲಿ ಹೇಳುವ ಅಂಕಿ. ಮೈನಸ್ 90ರ ಆಸುಪಾಸು ಚೆನ್ನ, ಮೈನಸ್ 115ಕ್ಕಿಂತ ಕೆಳಗಿಳಿದರೆ ವಿಡಿಯೋ ಕರೆಯ ಆಸೆ ಬಿಡಿ.

ಡೇಟಾ ಸೋರುವುದು ಇಲ್ಲಿ: ಒಳಗಿನ ಸಿಮ್ಮನ್ನು ವಿಂಡೋಸ್ ತಾನಾಗಿ 'ಮೀಟರ್ಡ್', ಅಂದರೆ ಡೇಟಾ ಮಿತವಾಗಿ ಬಳಸಬೇಕಾದ ಸಂಪರ್ಕ, ಎಂದು ಗುರುತಿಸುತ್ತದೆ, ಆದರೆ ಯುಎಸ್‌ಬಿ ಟೆದರಿಂಗ್ ಅದಕ್ಕೆ ಈಥರ್ನೆಟ್‌ನಂತೆ ಕಾಣುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ಸಿಗೆ ಹೋಗಿ ಆ ಸಂಪರ್ಕವನ್ನು ನೀವೇ ಮೀಟರ್ಡ್ ಮಾಡದಿದ್ದರೆ ಅಪ್‌ಡೇಟ್‌ಗಳೇ ಕೋಟಾ ನುಂಗುತ್ತವೆ.