ಊರಿಗೆ ಹೊರಡುವ ಮುನ್ನ ಕಾರಿನ ಸದ್ದು ಆಲಿಸಿ

ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಹಬ್ಬಕ್ಕೆಂದು ಸಾತಾರಾ ಮಾರ್ಗವಾಗಿ ಬೆಳಗಾವಿಯತ್ತ ಹೊರಡುವ ಹಿಂದಿನ ವಾರವೇ, ರೇಡಿಯೋ ಮತ್ತು ಎ.ಸಿ. ಆರಿಸಿ ಒಮ್ಮೆ ಕಾರು ಓಡಿಸಿ ನೋಡುವುದು ಒಳ್ಳೆಯದು.

ಗಂಟೆಗೆ 80ರಿಂದ 100 ಕಿ.ಮೀ. ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್ (ಸುತ್ತಲಿನ ತೂಕದ ಸಮತೋಲ) ತಪ್ಪಿರುವ ಸಾಧ್ಯತೆ ಹೆಚ್ಚು. ಆದರೆ ಮಳೆಗಾಲದಲ್ಲಿ ಗ್ಯಾರೇಜಿಗೆ ಓಡುವ ಮೊದಲು ರಿಮ್ಮಿನ ಒಳಬದಿಯಲ್ಲಿ ಕೈಯಾಡಿಸಿ, ಅಲ್ಲಿ ಒಣಗಿ ಅಂಟಿದ ಕೆಸರಿನ ಹೆಂಟೆಯೇ ಈ ನಡುಕಕ್ಕೆ ಕಾರಣವಾಗಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಸಮವಾಗಿ ಸವೆದಿಲ್ಲವೆಂದು ಶಂಕಿಸಬೇಕು.

ವೇಗದೊಂದಿಗೆ ಏರುವ ಗುಂಯ್‌ಗುಡುವ ಸದ್ದು ಚಕ್ರದ ಬೇರಿಂಗಿನದಾಗಿರಬಹುದು. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಬದಿಗೆ ಬೀಳುವುದರಿಂದ, ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗನ್ನು ಮೊದಲು ಪರೀಕ್ಷಿಸಿ.

ಸೊಸೈಟಿಯ ಪಾರ್ಕಿಂಗಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸುವಾಗ ‘ಟಕ್ ಟಕ್’ ಎಂದರೆ ಚಕ್ರವನ್ನು ತಿರುಗಿಸುವ ದಂಡವಾದ ಆಕ್ಸಲ್ಲಿನ ಹೊರ ಜಾಯಿಂಟ್ (ಚಕ್ರದ ಬದಿಯ ಕೀಲು) ಸವೆದಿರಬಹುದು. ಅದರ ರಬ್ಬರ್ ಹೊದಿಕೆ ಹರಿದು ಚಕ್ರದ ಒಳಬದಿಗೆಲ್ಲ ಗ್ರೀಸ್ ಸಿಡಿದಿದೆಯೇ ನೋಡಿ.

ಬ್ರೇಕಿನಲ್ಲಿ ಲೋಹ ಉಜ್ಜುವ ಕರಕರ ಸದ್ದು ಕೇಳಿದರಂತೂ ಸಾತಾರಾ ದಾರಿಯ ಖಂಬಾಟ್ಕಿ ಘಾಟಿಗೆ ಇಳಿಯಲೇಬಾರದು. ಸವೆದ ಬ್ರೇಕ್ ಪ್ಯಾಡ್ ಬದಲಿಸಿದ ನಂತರವೇ ಹೊರಡಿ.