ಬಿ.ಇ. ಇಲ್ಲದೆ ಇಕ್ವಿಪ್‌ಮೆಂಟ್ ಇಂಜಿನಿಯರ್ ಆಗಿದ್ದು: ನನ್ನ ಅನುಭವ

"ಡಿಪ್ಲೊಮಾ ಇಟ್ಕೊಂಡು ಜೀವನಪೂರ್ತಿ ಮೆಷಿನ್ ಒರೆಸ್ತಾ ಇರ್ತೀಯ" ಅಂತ ಸಕಲೇಶಪುರದ ನಮ್ಮ ದೊಡ್ಡಪ್ಪ 2014ರಲ್ಲಿ ಹೇಳಿದ್ದರು. ಈಗ ನನ್ನ ಕಾರ್ಡಿನಲ್ಲಿ ಇಕ್ವಿಪ್‌ಮೆಂಟ್ ಇಂಜಿನಿಯರ್ ಅಂತಿದೆ, ಅಂದರೆ ಕಾರ್ಖಾನೆ ಮೆಷಿನ್‌ಗಳನ್ನು ಕೆಡದಂತೆ ನೋಡಿಕೊಳ್ಳುವವ. ಒರೆಸುವುದು ಮಾತ್ರ ತಪ್ಪಿಲ್ಲ.

ಡಿಪ್ಲೊಮಾ ಮುಗಿದಾಗ ಜೊತೆಯವರು ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಿದರು. ರೂಮ್‌ಮೇಟ್‌ಗೆ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲೇ ಸೀಟು ಸಿಕ್ಕಿತು. ನನ್ನ ಹತ್ತಿರ ಇದ್ದಿದ್ದು ಸುಮಾರು 35 ಸಾವಿರ. ಅದನ್ನೂ ಬೆಂಗಳೂರಿನ ಒಂದು ಪಿಎಲ್‌ಸಿ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಕೋರ್ಸಿಗೆ ಸುರಿದೆ. ಇಪ್ಪತ್ತು ಜನಕ್ಕೆ ಒಂದೇ ಪಿಎಲ್‌ಸಿ. ಕೆಲಸ ಗ್ಯಾರಂಟಿ ಅಂದಿದ್ದವರು ಆಮೇಲೆ ಫೋನೇ ಎತ್ತಲಿಲ್ಲ.

ವಾಪಸ್ ಬಂದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಸೇರಿದೆ. ಸಂಬಳ 8,500. ಅಲ್ಲಿ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಮೆಷಿನ್ ನಿಂತರೂ ಎಷ್ಟು ಗಂಟೆಗೆ ನಿಂತಿತು, ಎಷ್ಟು ಹೊತ್ತಿಗೆ ಎದ್ದಿತು, ಯಾವ ಪಾರ್ಟ್ ಹೋಯಿತು, ಎಷ್ಟು ಖರ್ಚಾಯಿತು, ಎಲ್ಲ ನೋಟ್‌ಬುಕ್ಕಿನಲ್ಲಿ. ಫಿಟ್ಟರ್ ಅಣ್ಣಂದಿರು "ಏನ್ ಸ್ವಾಮಿ, ಹಾಲಿನ ಲೆಕ್ಕವಾ?" ಅಂತ ನಗುತ್ತಿದ್ದರು.

ಎರಡನೇ ಸೀಸನ್, ಫೆಬ್ರವರಿ. ಬಣ್ಣ ನೋಡಿ ಕೆಟ್ಟ ಬೀಜ ಬೇರೆ ಮಾಡುವ ಕಲರ್ ಸಾರ್ಟರ್ ಮೆಷಿನ್ ಕರಿಬೀಜದ ಜೊತೆ ಒಳ್ಳೆ ಬೀಜವನ್ನೂ ಎಸೆಯತೊಡಗಿತು. ಸರ್ವಿಸ್‌ನವರು ಬಂದು ಕ್ಯಾಮೆರಾ ಬದಲಿಸಬೇಕು ಅಂದರು. ಲಕ್ಷದ ಮೇಲಿನ ಮಾತು. ನೋಟ್‌ಬುಕ್ ತಿರುವಿದೆ. ತೊಂದರೆ ಬರುತ್ತಿದ್ದಿದ್ದೆಲ್ಲ ಬೆಳಗಿನ ಜಾವ ಐದರಿಂದ ಎಂಟರ ಒಳಗೆ! ಕ್ಯಾಮೆರಾ ಕೆಟ್ಟಿದ್ದರೆ ಮಧ್ಯಾಹ್ನವೂ ಕೆಡಬೇಕಲ್ವಾ? ಕಂಪ್ರೆಸರ್‌ನಿಂದ ಬರುವ ಗಾಳಿ ಪೈಪು ಶೆಡ್ಡಿನ ಹೊರಗೋಡೆ ಮೇಲೆ ಹಾದುಹೋಗಿತ್ತು. ಆ ಚಳಿಗೆ ಪೈಪಿನೊಳಗೇ ನೀರು ಕಟ್ಟಿ, ಗಾಳಿ ಊದಿ ಬೀಜ ತಳ್ಳುವ ಇಜೆಕ್ಟರ್‌ಗೆ ಹೋಗುತ್ತಿತ್ತು. ಕಾಫಿ ಧೂಳು ಸೇರಿ ವಾಲ್ವ್ ಅಂಟು ಅಂಟು. ಪೈಪನ್ನು ಒಳಗೆ ಎಳೆದು, ಕೆಳಗೊಂದು ಡ್ರೈನ್ ವಾಲ್ವ್ ಕೂರಿಸಿದೆ. ಖರ್ಚು ಸಾವಿರದ ಇನ್ನೂರೋ ಮುನ್ನೂರೋ. ಅಂಟಿದ ವಾಲ್ವನ್ನು ಬಿಚ್ಚದೆ ಬಿಡಿಸಿದ್ದು ಹೇಗೆ ಅಂತ ಮಾತ್ರ ಬರೆಯಲ್ಲ. ಅದು ನನ್ನ ಅನ್ನ.

ಗೆದ್ದ ಅಮಲಿಗೆ ತಲೆ ತಿರುಗಿತು ನೋಡಿ. ಪಿವಿಸಿ ಪೈಪಿಗೆ ತೇವ ಹೀರುವ ಸಿಲಿಕಾ ಜೆಲ್ ತುಂಬಿ ಸ್ವಂತ ಏರ್ ಡ್ರೈಯರ್ ಮಾಡಲು ಹೋದೆ. ಜೆಲ್ ಪುಡಿಯಾಗಿ ಲೈನಿಗೆ ಹೋಗಿ ಎರಡು ವಾಲ್ವ್ ಔಟ್. ಸಂಬಳದಲ್ಲಿ ಏಳು ಸಾವಿರ ಹಿಡಿದರು. ಆ ಒತ್ತಡಕ್ಕೆ ಪಿವಿಸಿ ಸಿಡಿದಿದ್ದರೆ ಕಣ್ಣೂ ಹೋಗುತ್ತಿತ್ತು. ಯಾರೂ ಮಾಡಬೇಡಿ.

2017ರಲ್ಲಿ ಬೆಂಗಳೂರಿನ ಐದು ಇಂಟರ್‌ವ್ಯೂಗಳಲ್ಲಿ "ಬಿ.ಇ. ಇಲ್ವಾ?" ಅಂತ ಕೇಳಿ ಕಳಿಸಿದರು. ಆರನೆಯದರಲ್ಲಿ ಸರ್ಟಿಫಿಕೇಟ್ ಬದಲು ಎರಡೂ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಇಂಟರ್‌ವ್ಯೂ ಮಾಡುತ್ತಿದ್ದವರು ಎಣ್ಣೆ ಕಲೆಯ ಹಾಳೆಗಳನ್ನು ಇಪ್ಪತ್ತು ನಿಮಿಷ ಓದಿದರು. ಕೊನೆಗೆ ಕೇಳಿದ್ದು ಒಂದೇ: "ಯಾವಾಗ ಸೇರ್ತೀರಾ?" 24 ಸಾವಿರ, ಜೊತೆಗೆ ಟೂರ್ ಭತ್ಯೆ. ಬಿ.ಇ. ಮುಗಿಸಿದ ರೂಮ್‌ಮೇಟ್‌ಗೆ ಆಗ ಹದಿನೈದೋ ಹದಿನಾರೋ. ಈಗ ನನ್ನ ಕೈಗೆ ಎಪ್ಪತ್ತು ಸಾವಿರದ ಹತ್ತಿರ ಬರುತ್ತೆ. ರಾತ್ರಿ ಎರಡಕ್ಕೆ ಬರುವ ಫೋನುಗಳೂ ಅದರಲ್ಲೇ ಸೇರಿವೆ.

ಹಾಗಂತ ಬಿ.ಇ. ಬೇಡ ಅಂತಲ್ಲ. ಗುಜರಾತಿನ ಸಾನಂದಿನ ಮೈಕ್ರಾನ್, ಧೊಲೇರಾದ ಟಾಟಾ ತರಹದ ಚಿಪ್ ಘಟಕಗಳ ಕಡೆ ಕಣ್ಣಿದ್ದರೆ ಡಿಗ್ರಿ ಮಾಡಿಕೊಳ್ಳುವುದೇ ವಾಸಿ. ಡೈರಿ, ಪ್ಯಾಕಿಂಗ್, ಕಾಫಿ ಮೆಷಿನ್‌ಗಳಲ್ಲಿ ಮಾತ್ರ ಕೈಕೆಲಸಕ್ಕೆ ಇನ್ನೂ ಬೆಲೆ ಇದೆ.

ಹೋದ ಸುಗ್ಗಿಯಲ್ಲಿ ದೊಡ್ಡಪ್ಪ ಫೋನ್ ಮಾಡಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಬೀಜ ಕತ್ತರಿಸುತ್ತಿದೆಯಂತೆ. "ಯಾವ ಹೊತ್ತಲ್ಲಿ ಅಂತ ಎರಡು ದಿನ ಬರೆದಿಡಿ ದೊಡ್ಡಪ್ಪ, ಬರ್ತೀನಿ" ಅಂದೆ. ಬೈದು ಫೋನ್ ಇಟ್ಟರು. ಹೋಗಿ ನೋಡಿದರೆ ಕ್ಯಾಲೆಂಡರ್ ಹಿಂದೆ ಬರೆದಿದ್ದರು.