ವರ್ಷಾಂತ್ಯದ ರಜೆಗೆ ಪುಸ್ತಕ ಆರಿಸಿಕೊಳ್ಳುವ ಬಗೆ

ಚಳಿಗಾಲದ ರಜೆ ನಮ್ಮಲ್ಲಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳ ಮಕ್ಕಳು ಮಧ್ಯಾವಧಿಯ ದೊಡ್ಡ ರಜೆಯನ್ನು ದಸರೆಯ ಸಮಯದಲ್ಲೇ ಕಳೆದಿರುತ್ತಾರೆ. ಕ್ರಿಸ್‌ಮಸ್ ರಜೆ ಕೊಡುವ ಶಾಲೆಗಳ ಮಕ್ಕಳಿಗೆ ಡಿಸೆಂಬರಿನ ಕೊನೆಯ ವಾರ ಬಿಡುವು ದೊರೆಯುತ್ತದೆ. ಕಚೇರಿಗೆ ಹೋಗುವವರು ವರ್ಷ ಮುಗಿಯುವುದರೊಳಗೆ ಉಳಿದ ರಜೆಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ಎಂಟು ಹತ್ತು ದಿನ ಊರಿನ ದಾರಿ ಹಿಡಿಯುತ್ತಾರೆ. ಈ ಬರಹ ಮುಖ್ಯವಾಗಿ ಆ ಎಂಟು ಹತ್ತು ದಿನಗಳನ್ನು ಕುರಿತದ್ದು.

ಈ ದಿನಗಳಿಗೆ ಪುಸ್ತಕ ಆರಿಸುವಾಗ ಪಾಲಿಸಬೇಕಾದ ನಿಯಮ ನನ್ನ ಮಟ್ಟಿಗೆ ಒಂದೇ: ಮೊದಲು ಒಂದು ದೊಡ್ಡ ಪುಸ್ತಕವನ್ನು ನಿಶ್ಚಯಿಸಿಕೊಂಡು, ಉಳಿದವನ್ನು ಅದಕ್ಕೆ ಹೊಂದುವಂತೆ ಆರಿಸಬೇಕು. ಸಣ್ಣ ಕಥೆ, ಪ್ರಬಂಧ, ಕವಿತೆಗಳನ್ನು ವರ್ಷದ ಬೇರೆ ದಿನಗಳಲ್ಲಿಯೂ ಬಸ್ಸಿನಲ್ಲೋ ಮಲಗುವ ಮುನ್ನವೋ ಓದಬಹುದು. ಆದರೆ ನೂರಾರು ಪುಟಗಳ, ಹತ್ತಾರು ಪಾತ್ರಗಳ ಕಾದಂಬರಿಯನ್ನು ವಾರಕ್ಕೊಮ್ಮೆ ಇಪ್ಪತ್ತು ಪುಟದಂತೆ ಓದಿದರೆ, ಮತ್ತೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಯಾರು ಯಾರ ಮಗ, ಯಾವ ಜಗಳ ಎಲ್ಲಿ ಹುಟ್ಟಿತು ಎಂಬುದೇ ಮರೆತುಹೋಗಿರುತ್ತದೆ. ಅಂಥ ಪುಸ್ತಕವನ್ನು ಎಡೆಬಿಡದೆ ಓದಲು ಸಿಗುವ ಅವಕಾಶವೆಂದರೆ ರಜೆಯೇ. ಒಂದು ವರ್ಷ ನಾನು ಆರು ಪುಸ್ತಕಗಳನ್ನು ಊರಿಗೆ ಕೊಂಡೊಯ್ದು ಆರನ್ನೂ ಅರ್ಧಕ್ಕೆ ಬಿಟ್ಟು ಬಂದೆ. ಮರುವರ್ಷ ಒಂದನ್ನೇ ಒಯ್ದು ಪೂರ್ತಿ ಓದಿದೆ. ಅದರಲ್ಲಿನ ಮನೆ, ಗದ್ದೆ, ಮಳೆ ಇಂದಿಗೂ ನನಗೆ ನೆನಪಿವೆ.

ದೊಡ್ಡ ಪುಸ್ತಕವನ್ನು ಹುಡುಕುವಾಗ ಅದರ ಕೀರ್ತಿಗಿಂತ ಹೆಚ್ಚಾಗಿ ಅದಕ್ಕೂ ನಿಮಗೂ ಮೊದಲೇ ಇರುವ ನಂಟನ್ನು ನೋಡಿ. ಮಹಾಭಾರತದ ಕಥೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರಿಗೆ ಭೈರಪ್ಪನವರ 1979ರ ‘ಪರ್ವ’ ಗಾತ್ರದಲ್ಲಿ ದೊಡ್ಡದಾದರೂ ಹೆಸರುಗಳ ತೊಡಕಿಲ್ಲದೆ ಸಾಗುತ್ತದೆ. ಕುಂತಿ, ಭೀಮ, ಕರ್ಣರ ಪರಿಚಯ ಹೊಸದಾಗಿ ಆಗಬೇಕಿಲ್ಲವಾದ್ದರಿಂದ ಲೇಖಕರು ಅವರನ್ನು ಹೇಗೆ ಬೇರೆಯಾಗಿ ಕಂಡಿದ್ದಾರೆ ಎಂಬುದರತ್ತ ಮನಸ್ಸು ನಿಲ್ಲುತ್ತದೆ. ಕರಾವಳಿಯ ಮನೆಗೆ ಹೋಗುವವರು ಅಲ್ಲಿಯದೇ ಒಂದು ಕುಟುಂಬದ ಮೂರು ತಲೆಮಾರುಗಳ ಬದುಕನ್ನು ಹೇಳುವ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಒಯ್ಯಬಹುದು. ಕೊಡಗಿನ ಕಡೆ ಹೊರಟವರಿಗೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಇದೆ. 1834ರಲ್ಲಿ ಬ್ರಿಟಿಷರ ವಶವಾದ ಆ ರಾಜ್ಯದ ಕೊನೆಯ ಅರಸನ ಕಥೆಯನ್ನು ಓದಿ, ಮರುದಿನ ಮಡಿಕೇರಿಯ ಕೋಟೆಯೊಳಗಿನ ಅರಮನೆಯ ಎದುರು ನಿಂತರೆ ಆ ಕಟ್ಟಡ ಬೇರೆಯದೇ ಆಗಿ ಕಾಣುತ್ತದೆ.

ನನ್ನ ಮೊದಲ ಆಯ್ಕೆ ಮಾತ್ರ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಒಬ್ಬ ನಾಯಕನಿಲ್ಲ. ನಾಯಿಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ, ಹೀಗೆ ಹಲವು ಜೋಡಿಗಳ, ಹಲವು ಮನೆಗಳ ಕಥೆ ಒಟ್ಟೊಟ್ಟಿಗೆ ನಡೆಯುತ್ತದೆ. ಅನೇಕರು ಇದನ್ನು ಆರಂಭದಲ್ಲೇ ಕೈಬಿಡುವುದಕ್ಕೆ ಕಾರಣವೂ ಇದೇ. ಅದಕ್ಕೆ ಸುಲಭವಾದ ಪರಿಹಾರವುಂಟು: ಪುಸ್ತಕದೊಳಗೆ ಒಂದು ಹಾಳೆಯನ್ನಿಟ್ಟುಕೊಂಡು, ಮೊದಲ ನೂರು ಪುಟಗಳವರೆಗೆ ಪ್ರತಿ ಮನೆಯ ಹೆಸರಿನ ಕೆಳಗೆ ಆ ಮನೆಯವರನ್ನೂ ಅಲ್ಲಿ ದುಡಿಯುವವರನ್ನೂ ಬರೆದುಕೊಳ್ಳುತ್ತ ಹೋಗಿ. ಆ ಬಳಿಕ ಹಾಳೆಯ ಅಗತ್ಯ ಬೀಳುವುದಿಲ್ಲ; ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದವರಿಗೆ ಆಗುವಂತೆ ಎಲ್ಲರೂ ಗುರುತಿನವರಾಗಿರುತ್ತಾರೆ.

ಮತ್ತೊಂದು ತೊಡಕು ಆಡುನುಡಿಯದು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಒಳ್ಳೆಯ ಗದ್ಯದ ಬಹುಭಾಗ ಒಂದೊಂದು ಸೀಮೆಯ ಮಾತಿನಲ್ಲಿ ಮೂಡಿದೆ. ರಾವಬಹಾದ್ದೂರರ ‘ಗ್ರಾಮಾಯಣ’ದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಮಾತಿದೆ, ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ನುಡಿಯ ಲಯದಲ್ಲೇ ನಡೆಯುತ್ತದೆ. ಮೈಸೂರಿನವರಿಗೆ ಮೊದಲನೆಯದೂ ಧಾರವಾಡದವರಿಗೆ ಎರಡನೆಯದೂ ಆರಂಭದಲ್ಲಿ ಕಠಿಣವೆನಿಸುವುದು ಸಹಜ. ಕಣ್ಣಿನಿಂದ ಓದಿ ಅರ್ಥವಾಗದ ವಾಕ್ಯ ಬಾಯಿಬಿಟ್ಟು ಓದಿದಾಗ ಎಷ್ಟೋ ಸಲ ತಾನಾಗಿ ತಿಳಿಯುತ್ತದೆ, ಏಕೆಂದರೆ ಬರೆದವರು ಅದನ್ನು ಕಿವಿಯಿಂದಲೇ ಕೇಳಿಸಿಕೊಂಡಿದ್ದಾರೆ. ಆದ್ದರಿಂದ ಅಂಗಡಿಯಲ್ಲಿಯೇ ಪುಸ್ತಕದ ನಡುವಿನ ಒಂದು ಪುಟವನ್ನು ತೆರೆದು ಮೆಲ್ಲಗೆ ದನಿ ತೆಗೆದು ಓದಿ ನೋಡಿ. ಅರ್ಧಕ್ಕಿಂತ ಹೆಚ್ಚು ತಿಳಿದರೆ ಧೈರ್ಯವಾಗಿ ಕೊಳ್ಳಬಹುದು. ಏನೂ ತಿಳಿಯದಿದ್ದರೆ, ಆ ಸೀಮೆಯ ಸ್ನೇಹಿತರೊಬ್ಬರು ಜೊತೆಗಿರುವ ರಜೆಗಾಗಿ ಅದನ್ನು ತೆಗೆದಿಡಿ. ಮೊದಲ ಪುಟ ಬೇಡ, ನಡುವಿನ ಪುಟವನ್ನೇ ನೋಡಬೇಕು. ಮೊದಲ ಪುಟವನ್ನು ಎಲ್ಲ ಲೇಖಕರೂ ಎಚ್ಚರದಿಂದ ಬರೆದಿರುತ್ತಾರೆ.

ಇನ್ನು ಲೆಕ್ಕಾಚಾರ. ಮನೆಯಲ್ಲಿರುವ ಯಾವುದಾದರೊಂದು ಕಾದಂಬರಿಯನ್ನು ಒಂದು ಗಂಟೆ ಓದಿ, ಎಷ್ಟು ಪುಟವಾಯಿತೆಂದು ಎಣಿಸಿಕೊಳ್ಳಿ. ಗಂಟೆಗೆ 25 ಪುಟ ಓದುವವರು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಓದಿದರೆ 500 ಪುಟವಾಗುತ್ತದೆ. 700 ಪುಟದ ಪುಸ್ತಕಕ್ಕೆ 28 ಗಂಟೆ, ಎಂದರೆ ದಿನಕ್ಕೆ ಮೂರು ಗಂಟೆಗೆ ಸ್ವಲ್ಪ ಕಡಿಮೆ ಬೇಕು. ಊರಿನಲ್ಲಿ ಮದುವೆಯೋ ಜಾತ್ರೆಯೋ ಇದ್ದರೆ ಆ ದಿನಗಳನ್ನು ಮೊದಲೇ ಕಳೆದುಬಿಡಿ. ಪುಸ್ತಕದ ಅಳತೆಗಳಲ್ಲಿ ಸ್ವಲ್ಪ ದೊಡ್ಡದಾದ ಡೆಮಿ ಆಕಾರದ ಪುಟದಲ್ಲಿ ಚಿಕ್ಕದಾದ ಕ್ರೌನ್ ಆಕಾರದ ಪುಟಕ್ಕಿಂತ ಹೆಚ್ಚು ಅಕ್ಷರಗಳು ಹಿಡಿಯುವುದರಿಂದ ಒಂದೇ ಕೃತಿಯ ಎರಡು ಮುದ್ರಣಗಳ ಪುಟಸಂಖ್ಯೆ ಬೇರೆಯಾಗಬಹುದು. ಪುಟಗಳನ್ನಷ್ಟೇ ನಂಬುವುದೂ ತಪ್ಪು: ‘ಕುಸುಮಬಾಲೆ’ ಗಾತ್ರದಲ್ಲಿ ತೆಳ್ಳಗಿದೆ, ಆದರೆ ಅದು ಬೇಡುವ ಸಮಯ ದೊಡ್ಡ ಕಾದಂಬರಿಯೊಂದಕ್ಕೆ ಬೇಕಾದಷ್ಟೇ.

ದೊಡ್ಡದು ನಿಶ್ಚಯವಾದ ಮೇಲೆ ಜೊತೆಗೆ ಎರಡು ಸಣ್ಣ ಪುಸ್ತಕಗಳು ಸಾಕು, ಮತ್ತು ಅವು ಬೇರೆ ಜಾತಿಯವಾಗಿರಲಿ. ಮಲೆನಾಡಿನ ಕಾದಂಬರಿಯ ಪಕ್ಕದಲ್ಲಿ ಮತ್ತೊಂದು ಮಲೆನಾಡಿನ ಕಾದಂಬರಿಯನ್ನಿಟ್ಟರೆ ಎರಡೂ ಕಲಸಿಹೋಗುತ್ತವೆ. ಅದಕ್ಕೆ ಬದಲಾಗಿ ಮುಂಬಯಿಯ ಜನರನ್ನು ಕುರಿತ ಜಯಂತ ಕಾಯ್ಕಿಣಿಯವರ ಕಥೆಗಳನ್ನೋ, ಸಸ್ಯಗಳ ಹುಡುಕಾಟದ ಪ್ರವಾಸಗಳನ್ನು ವಿದ್ಯಾರ್ಥಿಗಳ ಹರಟೆಯೊಂದಿಗೆ ಹೇಳುವ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವನ್ನೋ ಇಟ್ಟುಕೊಳ್ಳಿ. ಒಂದು ಕಥೆ ಅಥವಾ ಒಂದು ಅಧ್ಯಾಯ ಮಧ್ಯಾಹ್ನದ ಊಟದ ನಂತರ ಮುಗಿಯುವಂತಿರಬೇಕು. ದೊಡ್ಡ ಪುಸ್ತಕವನ್ನು ಬೆಳಗಿನ ಚಳಿಯಲ್ಲಿ, ಮನೆಯವರು ಏಳುವ ಮೊದಲು ಓದುವುದು ಒಳ್ಳೆಯದು. ಸಂಜೆ ಆರಕ್ಕೆಲ್ಲ ಕತ್ತಲಾಗುವ ಕಾಲವಿದು, ಹಳ್ಳಿಯ ಮನೆಗಳಲ್ಲಿ ದೀಪದ ಬೆಳಕು ಸಾಲದಿರಬಹುದು.

ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಒಂದು ಪುಸ್ತಕ ಒಯ್ಯಿರಿ, ಆದರೆ ಅದನ್ನು ನೀವೇ ಓದಿ ಹೇಳುವ ಸಿದ್ಧತೆಯೊಂದಿಗೆ ಒಯ್ಯಿರಿ. ಕಣ್ಣು ಮಂಜಾದವರಿಗೆ ಸಣ್ಣ ಅಕ್ಷರದ ಪುಸ್ತಕವನ್ನು ಉಡುಗೊರೆ ಕೊಡುವುದರಿಂದ ನೋವೇ ಹೆಚ್ಚು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಚಿಕ್ಕದು. ಕೆಲವೇ ಸಂಜೆಗಳಲ್ಲಿ ಓದಿ ಮುಗಿಸಬಹುದು. ಬಾಲವಿಧವೆಯೊಬ್ಬಳ ಆ ಬದುಕನ್ನು ಕೇಳುತ್ತಿದ್ದ ಹಾಗೆ ಅಜ್ಜಿಯರು ತಾವು ಕಂಡಿದ್ದನ್ನು ಹೇಳತೊಡಗುತ್ತಾರೆ. ಆಗ ಪುಸ್ತಕವನ್ನು ಮುಚ್ಚಿ ಅವರ ಮಾತನ್ನೇ ಕೇಳಿ.

ಹೈಸ್ಕೂಲಿನ ಮಕ್ಕಳಿಗೆ ತೇಜಸ್ವಿಯವರ ‘ಪರಿಸರದ ಕತೆ’ ಅಥವಾ ‘ಕರ್ವಾಲೊ’ ಇಂದಿಗೂ ತಪ್ಪದ ಆಯ್ಕೆ. ಇನ್ನೂ ಚಿಕ್ಕವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಕನ್ನಡ ಓದು ಇನ್ನೂ ಗಟ್ಟಿಯಾಗದ ಹೊರದೇಶದ ಮಕ್ಕಳಿಗೂ ಅವು ಅನುಕೂಲ. ನಾಲ್ಕು ಪುಸ್ತಕಗಳನ್ನು ಮುಂದಿಟ್ಟು ಎರಡನ್ನು ಅವರೇ ಆರಿಸಲಿ.

ಪುಸ್ತಕ ಕೊಳ್ಳುವ ಕೆಲಸವನ್ನು ಕೊನೆಯ ವಾರಕ್ಕೆ ಬಿಡಬಾರದು. ಹಳೆಯ ಕೃತಿಗಳು ಆಗಾಗ ಮುದ್ರಣದಲ್ಲಿ ಇರುವುದಿಲ್ಲ, ಮರುಮುದ್ರಣಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. ನವೆಂಬರಿನಲ್ಲಿ ರಾಜ್ಯೋತ್ಸವದ ನಿಮಿತ್ತ ಅನೇಕ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ; ಆಗಲೇ ಕೊಂಡಿಡುವುದು ಮೇಲು. ಬೆಂಗಳೂರಿನಲ್ಲಿರುವವರು ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳಲ್ಲಿ ಮೊದಲು ವಿಚಾರಿಸಿ, ಅಲ್ಲಿ ಇಲ್ಲದ್ದನ್ನು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಬಹುದು. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳ ಬೆಲೆ ಕಡಿಮೆ. ಹಳೆಯ ಪ್ರತಿ ಕೊಳ್ಳುವಾಗ ಕೊನೆಯ ಪುಟ ಇದೆಯೇ ಎಂದು ತಪ್ಪದೆ ನೋಡಿ. ಕೊನೆಯ ನಾಲ್ಕು ಹಾಳೆಗಳಿಲ್ಲದ ಕಾದಂಬರಿಯನ್ನು ಊರಿನಲ್ಲಿ, ಬೇರೆ ಪ್ರತಿ ಸಿಗದ ಕಡೆ, ಓದಿ ಪರಿತಪಿಸಿದ್ದೇನೆ. ಗ್ರಂಥಾಲಯದಿಂದ ತಂದ ಪುಸ್ತಕವಾದರೆ ಹಿಂದಿರುಗಿಸಬೇಕಾದ ದಿನ ಸಂಕ್ರಾಂತಿಯ ಮೊದಲೋ ನಂತರವೋ ಎಂಬುದನ್ನು ಹೊರಡುವ ಮುನ್ನವೇ ಕೇಳಿಕೊಳ್ಳಿ.

ಮೊದಲ ಎರಡು ದಿನಗಳಲ್ಲಿ ನೂರು ಪುಟ ಓದಿಯೂ ದೊಡ್ಡ ಪುಸ್ತಕ ಹಿಡಿಸದಿದ್ದರೆ ಅದನ್ನು ಮುಚ್ಚಿಟ್ಟು ಸಣ್ಣವುಗಳತ್ತ ಹೊರಳಿ. ಹಿಡಿಸಿಯೂ ಮುಗಿಯದಿದ್ದರೆ, ಹೊರಡುವ ಹಿಂದಿನ ರಾತ್ರಿ ಅಲ್ಲಿಯವರೆಗಿನ ಕಥೆಯನ್ನು ಹತ್ತು ಸಾಲಿನಲ್ಲಿ ಆ ಪಾತ್ರಪಟ್ಟಿಯ ಹಾಳೆಯ ಹಿಂಬದಿಯಲ್ಲಿ ಬರೆದು ಪುಸ್ತಕದೊಳಗೇ ಇಡಿ. ಮುಂದಿನ ಬಿಡುವು ಯುಗಾದಿಗೆ ಸಿಕ್ಕರೂ ಮೊದಲಿನಿಂದ ಓದಬೇಕಾಗುವುದಿಲ್ಲ.